ಐವತ್ತು ಜನರ ಊರಿಗೊಂದು ಬರ್ಲಿನ್ ಗೋಡೆ

ಬರ್ಲಿನ್ ಗೋಡೆಯ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದೇ ಥರದ ಗೋಡೆಯನ್ನು ಸುಮಾರು 50 ಜನ ಇರುವ ಒಂದು ಹಳ್ಳಿಯ ಮಧ್ಯೆಯೂ ಕಟ್ಟಿದ್ದರು ಅಂದಾಗ ನಾನು ನಂಬಿರಲಿಲ್ಲ. ಹೇಳಿದವರು ನನ್ನ ಆಫೀಸಿನ ಹಿರಿಯ ಸಹೋದ್ಯೋಗಿ. ಬವೇರಿಯಾದ ಹೋಫ್ ಕಡೆಯವರು, ಮಾತು ಕಮ್ಮಿ. 'ನಂಬಲ್ಲ ಅಂದ್ರೆ ಬಾ, ಭಾನುವಾರ ತೋರಿಸ್ತೀನಿ' ಅಂದರು. ಹೊರಟೆವು.

ಊರಿನ ಹೆಸರು ಮೋಡ್ಲರಾಯ್ಟ್. ಮ್ಯೂನಿಕ್‌ನಿಂದ ಬರ್ಲಿನ್‌ಗೆ ಹೋಗುವ ಎ-9 ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ ಗುಡ್ಡ, ಹುಲ್ಲುಗಾವಲು, ಆಮೇಲೆ ಒಂದಿಷ್ಟು ಇಳಿಜಾರು ಛಾವಣಿಯ ಮನೆಗಳು, ಕೊಟ್ಟಿಗೆಗಳು, ಒಂದು ಕೆರೆ. ಮಧ್ಯದಲ್ಲಿ ಟಾನ್‌ಬಾಖ್ ಅನ್ನೋ ತೊರೆ. ಜರ್ಮನ್ ಭಾಷೆಯಲ್ಲಿ 'ಬಾಖ್' ಅಂದರೆ ಹಳ್ಳ. ನಿಜ ಹೇಳಬೇಕೆಂದರೆ ನಮ್ಮ ಕಡೆ ಇದನ್ನ ಹಳ್ಳ ಅಂತಲೂ ಕರೆಯಲ್ಲ, ಕಾಲುವೆ ಅಂತೀವಿ. ಜೋರಾಗಿ ಒಂದು ಹೆಜ್ಜೆ ಹಾಕಿದರೆ ದಾಟಬಹುದು.

ಈ ಕಾಲುವೆಯೇ ಗಡಿ. 1810ರಲ್ಲಿ ಬವೇರಿಯಾ ರಾಜ್ಯ ಮತ್ತು ರಾಯ್ಸ್ ಎಂಬ ಸಣ್ಣ ಸಂಸ್ಥಾನ ಸೇರಿ ಇದರ ಗುಂಟ ಗಡಿಕಲ್ಲು ನೆಟ್ಟವು. ಒಂದು ಬದಿ ಕೆ.ಬಿ., ಇನ್ನೊಂದು ಬದಿ ಎಫ್.ಆರ್. ಅಂತ ಕೆತ್ತಿದ ಆ ಕಲ್ಲುಗಳು ಈಗಲೂ ಇವೆ. ನೂರಾ ಮೂವತ್ತು ವರ್ಷ ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಶಾಲೆಯೂ ಹೋಟೆಲೂ ಥುರಿಂಗಿಯಾದ ಬದಿ, ಚರ್ಚು ಬವೇರಿಯಾದ ಪಕ್ಕದೂರು ಟೋಪೆನ್‌ನಲ್ಲಿ. ಮಕ್ಕಳು ಆಚೆ ಓದೋಕೆ ಹೋಗ್ತಿದ್ದರು, ದೊಡ್ಡವರು ಈಚೆ ಪ್ರಾರ್ಥನೆಗೆ ಬರ್ತಿದ್ದರು. ಹೆಣ್ಣು ತರೋದು ಕೊಡೋದು ಎರಡೂ ಬದಿ ನಡೀತಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಎಲ್ಲ ತಿರುಗಿಬಿತ್ತು. ಬವೇರಿಯಾ ಅಮೆರಿಕನ್ನರ ಪಾಲು, ಥುರಿಂಗಿಯಾ ರಷ್ಯನ್ನರ ಪಾಲು. 1949ರಲ್ಲಿ ಎರಡು ಜರ್ಮನಿಗಳಾದಾಗ ಒಂದೇ ಊರಿನ ಅರ್ಧ ಒಂದು ದೇಶ, ಇನ್ನರ್ಧ ಇನ್ನೊಂದು ದೇಶ. ಮೊದಮೊದಲು ಚೀಟಿ ತೋರಿಸಿ ದಾಟಬಹುದಿತ್ತು. 1952ರಲ್ಲಿ ಪೂರ್ವ ಜರ್ಮನಿ ಗಡಿಯ ಗುಂಟ 5 ಕಿಲೋಮೀಟರ್ ಅಗಲದ ನಿರ್ಬಂಧಿತ ವಲಯ ಮಾಡಿತು. ಅದರೊಳಗೆ ಗಡಿಗೆ ಅಂಟಿಕೊಂಡ 500 ಮೀಟರ್ ಪಟ್ಟಿಗೆ ಇನ್ನೂ ಬಿಗಿ ಕಾನೂನು. ಅದೇ ಜೂನ್‌ನಲ್ಲಿ ಸರ್ಕಾರಕ್ಕೆ ನಂಬಿಕೆ ಇಲ್ಲದ ಕುಟುಂಬಗಳನ್ನು ಗಡಿ ಹಳ್ಳಿಗಳಿಂದ ಎಬ್ಬಿಸಿ ಒಳನಾಡಿಗೆ ಸಾಗಿಸಿದರು. ಆ ಕಾರ್ಯಾಚರಣೆಗೆ ಅವರೇ ಇಟ್ಟ ಗುಪ್ತ ಹೆಸರು 'ಉಂಗೆತ್ಸೀಫರ್'. ಅಂದರೆ ಕ್ರಿಮಿಕೀಟ. ಸ್ವಂತ ಊರಿನ ರೈತರಿಗೆ ಇಟ್ಟ ಹೆಸರು ಇದು.

ಮೊದಲು ಬಂದಿದ್ದು ಹಲಗೆ ಬೇಲಿ. ಆಮೇಲೆ ಮುಳ್ಳುತಂತಿ. 1966ರಲ್ಲಿ ಕಾಂಕ್ರೀಟ್ ಗೋಡೆ: ಉದ್ದ ಸುಮಾರು 700 ಮೀಟರ್, ಎತ್ತರ 3.3 ಮೀಟರ್. ನೋಡೋಕೆ ಬಂದ ಅಮೆರಿಕನ್ ಸೈನಿಕರು ಊರನ್ನು 'ಲಿಟಲ್ ಬರ್ಲಿನ್' ಅಂತ ಕರೆದರು. 1983ರಲ್ಲಿ ಆಗಿನ ಉಪಾಧ್ಯಕ್ಷ ಜಾರ್ಜ್ ಬುಷ್, ಮುಂದೆ ಅಧ್ಯಕ್ಷರಾದ ಹಿರಿಯ ಬುಷ್, ಇಲ್ಲಿಗೆ ಬಂದು ಕೆನಡಿಯವರ ಬರ್ಲಿನ್ ಭಾಷಣದ ಧಾಟಿಯಲ್ಲೇ ತಾನೂ ಮೋಡ್ಲರಾಯ್ಟಿನವನು ಅಂತ ಜರ್ಮನ್‌ನಲ್ಲಿ ಹೇಳಿ ಹೋದರು.

ಗೋಡೆಯ ಸುಮಾರು 100 ಮೀಟರ್‌ನಷ್ಟನ್ನು ಹಾಗೇ ಉಳಿಸಿಕೊಂಡಿದ್ದಾರೆ. ಈಗ ಅದು ಜರ್ಮನ್-ಜರ್ಮನ್ ಮ್ಯೂಸಿಯಂನ ಭಾಗ. ಬಿಳಿ ಬಳಿದ ಗೋಡೆ, ಕಾವಲು ಗೋಪುರ, ದೀಪದ ಕಂಬಗಳು, ತಂತಿ ಬೇಲಿ. ನನ್ನ ಕಣ್ಣು ಸಿಕ್ಕಿಹಾಕಿಕೊಂಡಿದ್ದು ಬೇಲಿ ಪಕ್ಕದ ಖಾಲಿ ಮಣ್ಣಿನ ಪಟ್ಟಿಯಲ್ಲಿ. ಬಿತ್ತನೆಗೆ ಮುಂಚೆ ಕುಂಟೆ ಹೊಡೆದ ಹೊಲದ ಹಾಗಿದೆ. ಯಾರಾದರೂ ಓಡಿದರೆ ಹೆಜ್ಜೆ ಮೂಡಲಿ ಅಂತಲೇ ಆ ಮಣ್ಣನ್ನು ಸದಾ ಹರಗಿ ಇಡುತ್ತಿದ್ದರಂತೆ. ಹಳ್ಳಿಯವರಿಗೆ ಹರಗಿದ ಮಣ್ಣು ಅಂದರೆ ಬೆಳೆ. ಅಲ್ಲಿ ಮೂವತ್ತೇಳು ವರ್ಷ ಏನೂ ಬೆಳೆಯಲಿಲ್ಲ.

ಇನ್ನೊಂದು ವಿಷಯ ನನಗೆ ಗೊತ್ತಿರಲಿಲ್ಲ. ಗೋಡೆ ಇದ್ದಿದ್ದು ಗಡಿಯ ಮೇಲಲ್ಲ, ಹಳ್ಳದಿಂದ ಪೂರ್ವಕ್ಕೆ ಒಂದಿಷ್ಟು ಹಿಂದೆ. ಗೋಡೆಯ ಮುಂದಿನ ಹುಲ್ಲೂ ಪೂರ್ವ ಜರ್ಮನಿಯದ್ದೇ. ಈಚೆಯವರು ಹಳ್ಳ ದಾಟಿ ಆ ಹುಲ್ಲಿನ ಮೇಲೆ ಕಾಲಿಟ್ಟರೂ ಬೇರೆ ದೇಶಕ್ಕೆ ನುಗ್ಗಿದ ಹಾಗೆ.

ಗೋಡೆ ಇದ್ದಷ್ಟು ದಿನ ಪಶ್ಚಿಮದ ಬದಿ ಬಸ್ಸುಗಟ್ಟಲೆ ಪ್ರವಾಸಿಗರು ಬರುತ್ತಿದ್ದರು. ಗುಡ್ಡದ ಮೇಲೆ ನಿಂತರೆ ಆಚೆಯ ಅಂಗಳ, ಒಣಹಾಕಿದ ಬಟ್ಟೆ ಎಲ್ಲ ಕಾಣುತ್ತಿತ್ತು. ಆಚೆಯವರ ಮನೆಗೆ ಮಾತ್ರ ಸ್ವಂತ ದೇಶದ ನೆಂಟರೂ ಪರವಾನಗಿ ಇಲ್ಲದೆ ಬರುವಂತಿರಲಿಲ್ಲ. ಈಚೆ ನಿಂತವರಿಗೆ ಕೈ ಬೀಸುವುದೂ ನಿಷಿದ್ಧ.

ಇದನ್ನು ಹೇಳುವಾಗ ನನ್ನ ಸಹೋದ್ಯೋಗಿ ಸ್ವಲ್ಪ ಹೊತ್ತು ಸುಮ್ಮನಾದರು. ಆರೇಳು ವರ್ಷದವರಿದ್ದಾಗ ಅಜ್ಜನ ಜೊತೆ ಇಲ್ಲಿಗೆ ಬಂದಿದ್ದರಂತೆ. ಆಚೆ ಒಬ್ಬ ಹೆಂಗಸು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದರು. ಹುಡುಗ ಕೈ ಬೀಸಿದ. ಅವರು ನೋಡಿದರು, ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿಬಿಟ್ಟರು. 'ಎಂಥ ಸೊಕ್ಕು ಅಂತ ಬೈದಿದ್ದೆ. ಅಜ್ಜ ಏನೂ ಹೇಳಲಿಲ್ಲ. ಗೊತ್ತಾಗೋ ಹೊತ್ತಿಗೆ ನಾನು ದೊಡ್ಡವನಾಗಿದ್ದೆ' ಅಂದರು.

ಬರ್ಲಿನ್‌ನಲ್ಲಿ ಗಡಿ ತೆರೆದಿದ್ದು 1989ರ ನವೆಂಬರ್ 9ಕ್ಕೆ. ಟಿವಿಯಲ್ಲಿ ಇಡೀ ಜಗತ್ತು ನೋಡಿತು. ಮೋಡ್ಲರಾಯ್ಟಿನವರು ಮಾತ್ರ ಎದುರು ಮನೆಗೆ ಹೋಗೋಕೆ ಇನ್ನೂ ಒಂದು ತಿಂಗಳು ಕಾಯಬೇಕಾಯಿತು. ಡಿಸೆಂಬರ್ 9ರಂದು ನಡೆದು ಹೋಗುವವರಿಗೆ ಒಂದು ದಾರಿ ಬಿಟ್ಟರು. 1990ರ ಜೂನ್ 17ರಂದು ಯಂತ್ರ ತಂದು ಗೋಡೆ ಕೆಡವಿದರು.

ಈಗ ಊರು ಒಂದಾಯಿತಾ? ಆಗಿದೆ, ಆಗಿಲ್ಲ. ಈಚೆಯ ಅರ್ಧ ಇನ್ನೂ ಬವೇರಿಯಾದ ಟೋಪೆನ್ ಪಂಚಾಯಿತಿಗೆ, ಆಚೆಯದು ಥುರಿಂಗಿಯಾದ ಗೆಫೆಲ್‌ಗೆ ಸೇರಿದ್ದು. ಇಬ್ಬರು ಮೇಯರ್, ಎರಡು ಪಿನ್‌ಕೋಡ್, ಎರಡು ಎಸ್‌ಟಿಡಿ ಕೋಡ್. ಅಕ್ಟೋಬರ್ 31ಕ್ಕೆ ಆಚೆ ರಜೆ, ಮರುದಿನ ಈಚೆ ರಜೆ. ಈಚೆ ಸಿಕ್ಕಿದವರಿಗೆ 'ಗ್ರ್ಯೂಸ್ ಗಾಟ್' ಅನ್ನಬೇಕು, ಆಚೆ 'ಗುಟೆನ್ ಟಾಗ್'. ನಾನು ಗಡಿಬಿಡಿಯಲ್ಲಿ ಉಲ್ಟಾ ಹೇಳಿದೆ. ನಾಯಿ ಹಿಡಿದುಕೊಂಡು ಬರುತ್ತಿದ್ದ ಅಜ್ಜ ನಕ್ಕು ಎರಡನ್ನೂ ಹೇಳಿ ಹೋದರು.

ನೀವು ಜರ್ಮನಿಯಲ್ಲಿದ್ದರೆ ಅಥವಾ ಕೆಲಸದ ಮೇಲೆ ಹೋದರೆ, ನ್ಯೂರೆಂಬರ್ಗ್‌ನಿಂದ ಹೋಫ್‌ವರೆಗೆ ರೈಲು ಇದೆ. ಅಲ್ಲಿಂದ ಮುಂದೆ ಕಾರು ಇದ್ದರೇ ಆರಾಮ. ವಾರಾಂತ್ಯದ ಹಳ್ಳಿ ಬಸ್ಸು ನಂಬಬೇಡಿ. ಮ್ಯೂಸಿಯಂ ತೆರೆದಿರುವ ದಿನ ನೋಡಿಕೊಂಡು ಹೊರಡಿ, ಒಳಗೆ ತೋರಿಸುವ ಸಿನಿಮಾ ಬಿಡಬೇಡಿ. ಮಾಂಸ ತಿನ್ನುವವರಾದರೆ ಹೋಫ್ ಪೇಟೆಯಲ್ಲಿ ಹಿತ್ತಾಳೆ ಹಂಡೆಯಲ್ಲಿ, ಕೆಳಗೆ ಇದ್ದಿಲ ಕೆಂಡ ಇಟ್ಟು ಬಿಸಿ ಬಿಸಿ ಸಾಸೇಜ್ ಮಾರುವವರು ಸಿಗುತ್ತಾರೆ. ಥೇಟ್ ನಮ್ಮ ಬಚ್ಚಲುಮನೆ ಹಂಡೆ ನೆನಪಾಗುತ್ತೆ.

ಹೊರಡುವ ಮುಂಚೆ ಹಳ್ಳ ದಾಟಿ ಆ ಅಂಗಳದ ಹತ್ತಿರ ಹೋದೆವು. ಮನೆಗೆ ಹೊಸ ಬಣ್ಣ ಬಳಿದಿದ್ದರು, ಕಿಟಕಿಯಲ್ಲಿ ಕೆಂಪು ಜೆರೇನಿಯಂ. 'ಇದೇ ಮನೆನಾ?' ಅಂತ ಕೇಳಿದೆ. 'ಇರಬಹುದು. ಆಗ ಬಟ್ಟೆ ಹಗ್ಗ ಆ ಕಡೆ ಇತ್ತು' ಅಂದರು. ಬೆಲ್ ಒತ್ತೋಣವಾ ಅಂದೆ. ಅವರು ಗೇಟಿನ ಮೇಲೆ ಕೈ ಇಟ್ಟು ಒಂದು ನಿಮಿಷ ನಿಂತರು. ಆಮೇಲೆ ಕಾರಿನ ಕೀಲಿ ಹುಡುಕತೊಡಗಿದರು.