ಏಣಿಯಲ್ಲಿ ಹಿಡಿಸದ 3

ಗಲಗಲಿಯ ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಯ ಎರಡನೆಯ ವಾರ. ಒಂಬತ್ತನೆಯ ತರಗತಿಗೆ ಅಪವರ್ತನಗಳ ಪುನರಾವರ್ತನೆ. ಹಲಗೆಯ ಮೇಲೆ ಏಣಿ ಬರೆದು 8ರ ಅಪವರ್ತನಗಳನ್ನು ಏರಿಸಿದೆ: 1, 2, 4, 8. ಕೆಳಗಿನ ಮೆಟ್ಟಿಲಿನ ಸಂಖ್ಯೆ ಮೇಲಿನದನ್ನು ನಿಶ್ಶೇಷವಾಗಿ ಭಾಗಿಸಬೇಕು, ಇಷ್ಟೇ ನಿಯಮ. ಬಳಿಕ 12ರ ಏಣಿ ಬರೆಯಲು ಒಬ್ಬ ವಿದ್ಯಾರ್ಥಿನಿಯನ್ನು ಕರೆದೆ. ಅವಳು 1 ಬರೆದಳು, ಅದರ ಮೇಲೆ 2 ಬರೆದಳು, 3ಕ್ಕೆ ಬಂದು ನಿಂತುಬಿಟ್ಟಳು. ಎರಡು ಸಲ ಕೇಳಿದರೂ ಮಾತಿಲ್ಲ. “ಓದಿಕೊಂಡು ಬಂದಿಲ್ಲ, ಕೂಡು” ಎಂದೆ.

ಸಂಜೆ ಪಾಠ ಯೋಜನೆಯ ಪುಸ್ತಕದಲ್ಲಿ ‘ಉತ್ತರಿಸಲಿಲ್ಲ’ ಎಂದು ಬರೆಯುವ ಮುನ್ನ ಆ ಏಣಿಯನ್ನು ನಾನೇ ಬರೆಯಲು ಕುಳಿತೆ. ಆಗಲಿಲ್ಲ. 2 ಮತ್ತು 3ರಲ್ಲಿ ಯಾವುದೂ ಇನ್ನೊಂದನ್ನು ಭಾಗಿಸುವುದಿಲ್ಲ. 4 ಮತ್ತು 6ರದೂ ಅದೇ ಕತೆ. ಬಿ.ಎಸ್ಸಿ.ಯಲ್ಲಿ ಪಾರ್ಶಿಯಲ್ ಆರ್ಡರ್‌ನ ಮೂರು ಗುಣಗಳನ್ನು ಬಾಯಿಪಾಠ ಮಾಡಿ ಅಂಕ ಪಡೆದಿದ್ದೆ. ಪ್ರತಿ ಸಂಖ್ಯೆಯೂ ತನ್ನನ್ನು ತಾನು ಭಾಗಿಸುತ್ತದೆ: ರಿಫ್ಲೆಕ್ಸಿವ್. ಎರಡು ಧನ ಪೂರ್ಣಾಂಕಗಳು ಪರಸ್ಪರ ಭಾಗಿಸಿದರೆ ಅವು ಒಂದೇ: ಆಂಟಿಸಿಮೆಟ್ರಿಕ್. 2 ನಾಲ್ಕನ್ನು, 4 ಹನ್ನೆರಡನ್ನು ಭಾಗಿಸಿದರೆ 2 ಹನ್ನೆರಡನ್ನೂ ಭಾಗಿಸುತ್ತದೆ: ಟ್ರಾನ್ಸಿಟಿವ್. ಯಾವ ಎರಡನ್ನಾದರೂ ಹೋಲಿಸಲು ಬರಬೇಕು ಎಂಬುದು ಈ ಮೂರರಲ್ಲಿ ಇಲ್ಲ. ಅದು ಟೋಟಲ್ ಆರ್ಡರ್‌ನ ಷರತ್ತು. 8 ಒಂದೇ ಅವಿಭಾಜ್ಯ ಸಂಖ್ಯೆಯ ಘಾತವಾದ್ದರಿಂದ ಏಣಿ ಸಲೀಸಾಗಿ ನಿಂತಿತ್ತು. ನನ್ನ ಉದಾಹರಣೆಯೇ ನನ್ನನ್ನು ಮೋಸಗೊಳಿಸಿತ್ತು. ಹುಡುಗಿಯ ಮೌನವೇ ಸರಿಯುತ್ತರ.

ಮರುದಿನ ಪಾಠಕ್ಕೆ ಮೊದಲು, “ನಿನ್ನೆ ತಪ್ಪು ನನ್ನದು, ಅವಳದಲ್ಲ” ಎಂದೆ. ಜರ್ಮನ್ ಗಣಿತಜ್ಞ ಹೆಲ್ಮುಟ್ ಹ್ಯಾಸೆಯ ಹೆಸರಿನ ಚಿತ್ರವನ್ನು ಅವಳ ಕೈಯಿಂದಲೇ ಬರೆಸಿದೆ: ಕೆಳಗೆ 1, ಅದರ ಮೇಲೆ ಅಕ್ಕಪಕ್ಕ 2, 3, ಮತ್ತೆ ಅಕ್ಕಪಕ್ಕ 4, 6, ತುದಿಗೆ 12. ಒಟ್ಟು 7 ಗೆರೆ. 3ರಿಂದ 4ಕ್ಕೆ ಗೆರೆ ಇಲ್ಲ. 1ರಿಂದ 4ಕ್ಕೂ ಬೇಡ, 2ರ ಮೂಲಕ ದಾರಿ ಇದೆ.

“ಮನೆಯ ಕೆಲಸದಲ್ಲಿ ಇಂಥದ್ದು ಇದೆಯೇ?” ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗ ಎದ್ದ: “ಸಾಲ ಬಿಡೂದು, ಬೀಜದ ಕಬ್ಬ ಕಡಿಯೂದು, ಯಾವದು ಮೊದಲಾದ್ರೂ ನಡೀತೈತ್ರಿ ಸರ. ಆದ್ರ ಹಚ್ಚೂದ್ರಾಗ ಎರಡೂ ಮುಗದಿರಬೇಕ್ರಿ.”

ಅಂದು ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು ಕೇಳಿದ್ದು ಒಂದೇ ಪ್ರಶ್ನೆ: “ಉತ್ತರ ಬಾರದಿದ್ದಾಗ ಮೊದಲು ಪ್ರಶ್ನೆಯನ್ನು ಪರೀಕ್ಷಿಸುತ್ತೀರೋ, ಮಗುವನ್ನೋ?” ಈಗ ಪ್ರತಿ ಪಾಠ ಯೋಜನೆಯಲ್ಲಿ ನನ್ನ ನಿಯಮಕ್ಕೆ ಒಗ್ಗದ ಒಂದು ಉದಾಹರಣೆಯನ್ನು ಮೊದಲೇ ಬರೆದುಕೊಳ್ಳುತ್ತೇನೆ.