ಏರಿಯ ಕಲ್ಲು

ತುಮಕೂರು ಸೀಮೆಗೆ ಕಡಲಿಲ್ಲ. ಆದರೆ ಅಲೆಗಳ ಕಾಟ ಇಲ್ಲವೆನ್ನುವಂತಿಲ್ಲ. ಕುಣಿಗಲ್ಲಿನ ದೊಡ್ಡಕೆರೆಯಾಗಲಿ, ಗುಬ್ಬಿಯ ಕೆರೆಯಾಗಲಿ, ತುಮಕೂರಿನ ಅಮಾನಿಕೆರೆಯಾಗಲಿ ತುಂಬಿ ನಿಂತಾಗ ಬಿರುಗಾಳಿ ಬೀಸಿದರೆ, ತೆರೆಗಳು ಸಾಲುಗಟ್ಟಿ ಬಂದು ಏರಿಯನ್ನು ಬಡಿಯುತ್ತವೆ. ಏರಿಯಾದರೋ ಮಣ್ಣಿನದು. ಒಂದೊಂದು ತೆರೆಯೂ ಒಂದೊಂದು ಹಿಡಿ ಮಣ್ಣನ್ನು ಕದ್ದೊಯ್ದರೂ ಸಾಕು, ಕೆಲವು ವರ್ಷಗಳಲ್ಲಿ ಏರಿ ಸವೆದು ಬಡವಾಗುತ್ತದೆ. ಏರಿ ಒಡೆದರೆ ಅದರ ಕೆಳಗಿನ ಗದ್ದೆ, ತೋಟ, ಮನೆಮಠಗಳ ಗತಿಯೇನು?

ಈ ಕಳವನ್ನು ತಡೆಯಲೆಂದೇ ಹಿರಿಯರು ಏರಿಯ ಒಳಮೈಗೆ ಕಲ್ಲು ಹೊದಿಸಿದರು. ಎಂಜಿನಿಯರುಗಳು ಇದನ್ನು ರಿವೆಟ್‌ಮೆಂಟ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಕಲ್ಲುಕಟ್ಟಣೆ ಎನ್ನಬಹುದು. ಹೊರನೋಟಕ್ಕೆ ಅದು ಒರಟು ಕಲ್ಲುಗಳ ಹಾಸು. ಆದರೆ ಅದರ ಹಿಂದೆ ಮೂರು ವಿವೇಕಗಳಿವೆ.

ಮೊದಲನೆಯದು ಇಳಿಜಾರು. ನೆಟ್ಟಗೆ ನಿಂತ ಗೋಡೆಗೆ ಬಡಿದ ಅಲೆ ಸಿಟ್ಟಿನಿಂದ ಹಿಂದಿರುಗಿ ಗೋಡೆಯ ಬುಡವನ್ನೇ ತೋಡುತ್ತದೆ. ಓರೆಯಾದ ಒರಟು ಮೈಯನ್ನು ಏರುವ ಅಲೆಯಾದರೋ ಏರುತ್ತ ಏರುತ್ತ ದಣಿದು ಹಿಂದೆ ಸರಿಯುತ್ತದೆ. ಎರಡನೆಯದು ಕಲ್ಲಿನ ಅಡಿಯಲ್ಲಿ ಹಾಸಿದ ಜಲ್ಲಿ ಮತ್ತು ಗರಸು. ತೂಬು ತೆರೆದು ಕೆರೆಯ ನೀರು ಇಳಿದಾಗ, ಏರಿ ಹೀರಿಕೊಂಡ ನೀರು ಹೊರಬರಬೇಕು. ಅದರೊಡನೆ ಮಣ್ಣು ಬರಕೂಡದು. ಯಾರ ಕಣ್ಣಿಗೂ ಬೀಳದ ಈ ಪದರವು ನೀರಿಗೆ ದಾರಿ ಬಿಟ್ಟು ಮಣ್ಣನ್ನು ಹಿಡಿದುಕೊಳ್ಳುತ್ತದೆ. ಮೂರನೆಯದು ಬುಡದ ಕಲ್ಲು. ಅದನ್ನು ಆಳವಾಗಿ ಹೂಳದಿದ್ದರೆ ಮೇಲಿನ ಸಾಲುಗಳೆಲ್ಲ ಜಾರಿಹೋಗುತ್ತವೆ.

ಕಡಲತೀರವನ್ನು ಕಾಯುವವರಿಗೂ ಈ ಮೂರು ವಿವೇಕಗಳೇ ಆಧಾರ; ಪ್ರಮಾಣ ಮಾತ್ರ ಬೇರೆ. ಅಲೆಯ ಎತ್ತರ 2 ಪಟ್ಟಾದರೆ, ಅದೇ ಇಳಿಜಾರಿನಲ್ಲಿ ಅದನ್ನು ತಡೆಯುವ ಕಲ್ಲಿನ ತೂಕ 8 ಪಟ್ಟಾಗಬೇಕು. ಎತ್ತರ 3 ಪಟ್ಟಾದರೆ ತೂಕ 27 ಪಟ್ಟು. ಕೆರೆಯ ಏರಿಗೆ ಇಬ್ಬರು ಆಳುಗಳು ಹೊತ್ತು ತರುವ ಕಲ್ಲು ಸಾಕಾದರೆ, ಕಡಲಿಗೆ ಟನ್ನುಗಟ್ಟಲೆ ತೂಗುವ ಬಂಡೆಗಳು ಬೇಕು. ಅಂಥ ಬಂಡೆ ಸಿಗದ ಕಡೆಗೆಂದು 1950ರಲ್ಲಿ ಫ್ರಾನ್ಸ್ ದೇಶದವರು ನಾಲ್ಕು ಕಾಲುಗಳ ಕಾಂಕ್ರೀಟ್ ಗುಂಡನ್ನು ರೂಪಿಸಿದರು. ಟೆಟ್ರಾಪಾಡ್ ಎಂಬ ಈ ಗುಂಡುಗಳು ಒಂದರ ಕಾಲಿಗೆ ಇನ್ನೊಂದು ತೊಡರಿಕೊಂಡು ನಿಲ್ಲುತ್ತವೆ. ಮುಂಬಯಿಯ ಮರೀನ್ ಡ್ರೈವ್ ತೀರದಲ್ಲಿ ಅವುಗಳ ಸಾಲನ್ನು ಕಾಣಬಹುದು.

ಆದರೂ ಕೆರೆಗೂ ಕಡಲಿಗೂ ಒಂದು ದೊಡ್ಡ ಅಂತರವಿದೆ. ಏರಿಗೆ ಎರಡು ತುದಿಗಳುಂಟು. ಕಲ್ಲು ಹೊದಿಸುವ ಕೆಲಸ ಅಲ್ಲಿಗೆ ಮುಗಿಯುತ್ತದೆ. ನಮ್ಮ ರಾಜ್ಯದ ಕರಾವಳಿಯಾದರೋ ಸುಮಾರು 300 ಕಿಲೋಮೀಟರು ಉದ್ದವಿದೆ. ಅಲ್ಲಿ ಮರಳು ಒಂದೆಡೆ ನಿಲ್ಲುವುದಿಲ್ಲ. ಅಲೆಗಳೊಡನೆ ತೀರದುದ್ದಕ್ಕೂ ಪಯಣಿಸುತ್ತಿರುತ್ತದೆ. ಒಂದು ಊರಿನವರು ಗೋಡೆ ಕಟ್ಟಿದರೆ, ಮುಂದಿನ ಊರಿಗೆ ಸೇರಬೇಕಾದ ಮರಳು ಕಡಿಮೆಯಾಗಿ ಅಲ್ಲಿನ ದಡ ಕುಸಿಯಬಹುದು. ಕಡಲ್ಕೊರೆತದಿಂದ ನೊಂದ ಉಳ್ಳಾಲದಲ್ಲಿ ದಡಕ್ಕೆ ಸುರಿದ ಬಂಡೆಗಳು ಮಳೆಗಾಲದ ಅಬ್ಬರಕ್ಕೆ ಕುಸಿದು ಮರಳಿನಲ್ಲಿ ಹೂತವು. ಆ ಬಳಿಕ 2010ರ ದಶಕದಲ್ಲಿ, ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ದಡದಾಚೆ ನೀರಿನೊಳಗೇ ದಿಬ್ಬಗಳನ್ನು ನಿರ್ಮಿಸಲಾಯಿತು. ಅಲೆಯ ಬಲವನ್ನು ದಡ ಮುಟ್ಟುವ ಮೊದಲೇ ಕುಂದಿಸುವುದು ಅದರ ಉದ್ದೇಶ.

ಕಟ್ಟಿದ್ದನ್ನು ಕಾಯುವುದು ಕಟ್ಟುವುದಕ್ಕಿಂತ ಕಠಿಣ. ಹಿಂದೆ ನೀರುಗಂಟಿ ಏರಿಯ ಮೇಲೆ ನಡೆದಾಡಿ, ಇಲಿ ತೋಡಿದ ಬಿಲವನ್ನೂ ಸಡಿಲಗೊಂಡ ಕಲ್ಲನ್ನೂ ಗುರುತಿಸುತ್ತಿದ್ದನು. ಬಟ್ಟೆ ಒಗೆಯಲು ಚೆನ್ನಾಗಿದೆಯೆಂದು ಯಾರೋ ಏರಿಯ ಕಲ್ಲೊಂದನ್ನು ಕಿತ್ತು ಮನೆಗೊಯ್ದರೆ ಮೊದಲು ಯಾರಿಗೂ ಗೊತ್ತಾಗುವುದಿಲ್ಲ. ತೆರೆಗೆ ಮಾತ್ರ ಗೊತ್ತಾಗುತ್ತದೆ. ಅದು ಆ ಗುಳಿಯನ್ನೇ ಹುಡುಕಿ ಬಂದು, ಮಣ್ಣನ್ನು ಸೆಳೆದು, ಪಕ್ಕದ ಕಲ್ಲನ್ನೂ ಉರುಳಿಸುತ್ತದೆ. ನಷ್ಟವನ್ನು ಅನುಭವಿಸುವವನು ಕಲ್ಲು ಕಿತ್ತವನಲ್ಲ, ಏರಿಯ ಕೆಳಗಿನ ಗದ್ದೆಯವನು.

ಕೆರೆಯಲ್ಲಿ ಕಲ್ಲು ಕೀಳುವವನು ಕೆಳಗಿನವರನ್ನು ನೆನೆಯಬೇಕು. ಕಡಲಿನಲ್ಲಿ ಕಲ್ಲು ಇಡುವವನೂ ಪಕ್ಕದ ಊರಿನವರನ್ನು ನೆನೆಯಬೇಕು. ನೀರನ್ನು ತಡೆಯುವ ವಿದ್ಯೆಗೆ ಲೆಕ್ಕಾಚಾರ ಬೇಕು, ಬಲವೂ ಬೇಕು. ಅವೆರಡಕ್ಕೂ ಮೊದಲು ನೆರೆಯವರ ನೆನಪು ಬೇಕು.