ಖಾಲಾ ಬಿಗಿದ ತಂತಿ

ಲಖನೌದ ವ್ಯಾನ್ ಶಿಪ್ಲಿ ಹವಾಯಿಯನ್ ಗಿಟಾರಿನಲ್ಲಿ ನುಡಿಸಿದ ಸಿನಿಮಾ ಧಾಟಿಗಳು ರೇಡಿಯೊದಲ್ಲಿ ಬಂದರೆ ನಮ್ಮ ಅಬ್ಬಾ ಉಣ್ಣುವುದನ್ನೇ ಮರೆಯುತ್ತಿದ್ದರು. ಆದ್ದರಿಂದ ಶಿವಾಜಿನಗರದ ಖಾಲಾ ಒಬ್ಬರು ತೀರಿಹೋದ ಗಂಡನ ಗಿಟಾರನ್ನು ಮಾರುತ್ತಾರೆಂದು ತಿಳಿದದ್ದೇ ತಡ, ಹೋದೆ.

1950ರ ದಶಕದಲ್ಲಿ ಅಮೆರಿಕದ ನ್ಯಾಶ್‌ವಿಲ್‌ನವರು ಈ ಜಾತಿಯ ವಾದ್ಯಕ್ಕೆ ಪೆಡಲ್ ಜೋಡಿಸಿ ಹೆಸರು ಮಾಡಿದರು. ತುಳಿದರೆ ತಂತಿ ಬಿಗಿದು ಸ್ವರ ಏರುತ್ತದೆ. ಇದು ಅದಲ್ಲ. ತೊಡೆಯ ಮೇಲೆ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ತುಂಡು ಜಾರಿಸುತ್ತಾ ನುಡಿಸುವ ಹಳೆಯ ಮರದ್ದು.

ಕುತ್ತಿಗೆ ಕೊಂಚ ಬಾಗಿತ್ತು. ಅದು ನಡೆಯುತ್ತದೆ, ಇದರಲ್ಲಿ ತಂತಿಯನ್ನು ಮರಕ್ಕೆ ಒತ್ತುವುದಿಲ್ಲವಲ್ಲ. ನೋಡಬೇಕಾದದ್ದು ಹೊಟ್ಟೆ ಮತ್ತು ಬ್ರಿಜ್. ಹೊಟ್ಟೆ ಉಬ್ಬಿತ್ತು. ಬ್ರಿಜ್‌ನ ಅಡಿಗೆ ವಿಸಿಟಿಂಗ್ ಕಾರ್ಡ್ ತೂರಿಸಿದೆ, ಅರ್ಧ ಒಳಗೆ ಹೋಯಿತು. 12ನೆಯ ಪಟ್ಟಿಯ ಮೇಲೆ ಉಕ್ಕು ಇಟ್ಟು ಮೀಟಿದರೆ ಖಾಲಿ ತಂತಿಯ ಸ್ವರವೇ ಮೇಲಿನ ಸಪ್ತಕದಲ್ಲಿ ಕೇಳಬೇಕು, ತುಸು ತಪ್ಪಿತು.

ನಾಲ್ಕು ಸಾವಿರ ಕೇಳಿದ್ದರು. ಎರಡಕ್ಕೆ ಇಳಿಸೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಖಾಲಾ ಅಂದರು: “ನನಗೆ ಬಾರಿಸಲು ಬರುವುದಿಲ್ಲ ಬೇಟಾ. ಆದರೆ ಅವರು ಹೋದ ಮೇಲೂ ಪ್ರತಿ ಜುಮಾ ತಂತಿ ಬಿಗಿ ಮಾಡಿ ಇಡುತ್ತಿದ್ದೆ. ಸಡಿಲಾದರೆ ಹಾಳಾಗುತ್ತದಲ್ಲ?”

ನುಡಿಸದೆ ಇಡುವ ವಾದ್ಯದ ತಂತಿಯನ್ನು ಸಡಿಲಿಸಬೇಕು. ಬ್ರಿಜ್ ಕಿತ್ತದ್ದು ಆ ಬಿಗಿತವೇ.

“ಏನಾದರೂ ಕೆಟ್ಟಿದೆಯಾ?”

“ಅಂಟು ಹಳೆಯದಾಗಿದೆ ಖಾಲಾ, ಅಷ್ಟೇ.”

ಸುಳ್ಳೇನೂ ಅಲ್ಲ, ಪೂರ್ತಿ ನಿಜವೂ ಅಲ್ಲ. ನಾಲ್ಕು ಸಾವಿರವನ್ನೇ ಎಣಿಸಿಕೊಟ್ಟೆ. ಹೊಸಿಲು ದಾಟುವಾಗ ಅವರು ಮತ್ತೆ ನೆನಪಿಸಿದರು: “ಜುಮಾ ದಿನ ಮರೆಯಬೇಡ.” ತಲೆಯಾಡಿಸಿದೆ.

ಮನೆಗೆ ಬಂದು ಒಂದೊಂದೇ ಕಿವಿ ತಿರುಗಿಸಿ ಆರೂ ತಂತಿ ಸಡಿಲಿಸಿದೆ.